ತಮ್ಮನ್ನು ಬಿಟ್ಟು ಎಣಿಸುತ್ತಿದ್ದ ಕಾಕಾ

ಬಸ್ಸು ಹತ್ತಿ ಕೂತರೆ ನಾನು ಈಗಲೂ ತಲೆ ಎಣಿಸುತ್ತೇನೆ. ಕಂಡಕ್ಟರ್ ಎಣಿಸುವ ಮೊದಲೇ ನನ್ನದು ಮುಗಿದಿರುತ್ತದೆ. ಮದುವೆ ಊಟದ ಪಂಕ್ತಿಯಲ್ಲೂ ಅಷ್ಟೇ, ದವಾಖಾನೆಯ ಬೆಂಚಿನ ಮೇಲೂ ಅಷ್ಟೇ. "ಯಾರನ್ನ ಹುಡುಕಾಕತ್ತೀ?" ಎಂದು ನಮ್ಮ ಯಜಮಾನರು ಕೇಳುತ್ತಾರೆ. ಯಾರನ್ನೂ ಅಲ್ಲ. ಹೆಬ್ಬೆರಳು ತಾನಾಗಿಯೇ ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡುತ್ತದೆ. ಈ ಚಾಳಿಯನ್ನು ನನಗೆ ಹತ್ತಿಸಿದವರು ಹೋದ ಶ್ರಾವಣದಲ್ಲಿ ತೀರಿಕೊಂಡರು. ಅಂದಿನಿಂದ ಎಣಿಕೆ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ನಾವೆಲ್ಲ ಕಾಕಾ ಎನ್ನುತ್ತಿದ್ದ ಅವರು ಅಂಬಿಗರ ಮನೆತನದವರು. ಆನೆಗೊಂದಿಯ ಕಡೆ ತುಂಗಭದ್ರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹರಗೋಲು ಹಾಕಿ ಜನರನ್ನು ದಾಟಿಸಿದವರು. ದೊಡ್ಡ ಬಿದಿರ ಬುಟ್ಟಿಗೆ ಡಾಂಬರು ಬಳಿದಂತಿರುವ ಆ ದುಂಡನೆಯ ದೋಣಿಯಲ್ಲಿ ಮನುಷ್ಯರು, ಸೈಕಲ್ಲುಗಳು, ಆಡುಗಳು, ಒಮ್ಮೆ ಹೊಸ ಮದುಮಗಳ ಕಬ್ಬಿಣದ ತಿಜೋರಿ, ಎಲ್ಲ ದಾಟಿದ್ದವಂತೆ. ದಡ ಮುಟ್ಟಿದ ಮೇಲೂ ಎಲ್ಲರೂ ಇಳಿಯುವ ತನಕ ಅವರು ಇಳಿಯುತ್ತಿರಲಿಲ್ಲ. ಹತ್ತಿದಷ್ಟು ತಲೆ ಇಳಿದವೋ ಇಲ್ಲವೋ ಎಂದು ಗೆಣ್ಣಿನ ಮೇಲೆ ಎಣಿಸಿ, ಆಮೇಲೆ "ಸೈ" ಅನ್ನುತ್ತಿದ್ದರು. ಆ ಎಣಿಕೆಯಲ್ಲಿ ತಮ್ಮನ್ನು ಮಾತ್ರ ಸೇರಿಸಿಕೊಳ್ಳುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದೆ. "ನಾ ಎಲ್ಲಿಗೆ ಹೋಗ್ಲಿ ಅಕ್ಕಾರ, ನಾ ದೋಣಿ ಸಾಮಾನಿನಾಗ ಬರ್ತೀನಿ" ಎಂದಿದ್ದರು.

ನೆಲದ ಮೇಲೆ ಅವರಿಗೆ ನೆಮ್ಮದಿ ಇರಲಿಲ್ಲ. ಕೂತರೆ ಮೊಣಕಾಲು ಅಲ್ಲಾಡುತ್ತಿತ್ತು. ಚಹಾದ ಲೋಟ ಕೊಟ್ಟರೆ ಅದನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇರುತ್ತಿದ್ದರು, ಕುಡಿಯುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತಿತ್ತು. ನಡೆಯುವಾಗ ನೆಲ ಯಾವ ಗಳಿಗೆಯಲ್ಲಾದರೂ ವಾಲೀತು ಎನ್ನುವ ಹಾಗೆ ಪಾದ ಅಗಲಿಸಿ ಇಡುತ್ತಿದ್ದರು. ಅದೇ ಮನುಷ್ಯ ನೀರಿಗೆ ಇಳಿದರೆಂದರೆ ಕಲ್ಲಿನ ಹಾಗೆ ಸ್ತಬ್ಧ. ಕೈ ಒಂದೇ ಆಡುತ್ತಿತ್ತು.

ನಮ್ಮ ಪರಿಚಯವಾದದ್ದು ಒಂದು ಇಂಗ್ಲಿಷ್ ಪುಸ್ತಕದಿಂದ.

ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ವರ್ಷದ ಮೇಲಾಗಿತ್ತು. ಯಜಮಾನರು ಕಾಲುವೆಯ ಕಚೇರಿಯಲ್ಲಿ ಎಂಜಿನಿಯರು, ನಾವು ಗಂಗಾವತಿಯ ಕ್ವಾರ್ಟರ್ಸಿನಲ್ಲಿದ್ದೆವು. ಗುಡ್ಡಗಳ ನಡುವಿನ ಕೆರೆಯ ಹತ್ತಿರ ಆಗ ಒಂದು ಸಾಹಸ ತರಬೇತಿಯ ಕ್ಯಾಂಪು ಶುರುವಾಗಿತ್ತು. ಕಡಲಿನಲ್ಲಿ ಓಡಿಸುವ ಕಯಾಕುಗಳು ಲಾರಿಯಲ್ಲಿ ಬಂದಿದ್ದವು. ಮೀನಿನ ಹಾಗೆ ಉದ್ದ, ಎರಡೂ ತುದಿ ಚೂಪು, ನಡುವೆ ಒಬ್ಬರು ಮಾತ್ರ ಕಾಲು ಚಾಚಿ ಕೂರುವಷ್ಟು ಕಂಡಿ. ಹೊಸಬರು ಮೊದಲು ಇಲ್ಲಿ ನಿಂತ ನೀರಿನಲ್ಲಿ ಕಲಿಯುವುದು, ಪರೀಕ್ಷೆಯಲ್ಲಿ ಪಾಸಾದವರು ಕಾರವಾರಕ್ಕೆ ಹೋಗಿ ಕಡಲಿಗೆ ಇಳಿಯುವುದು, ಹೀಗೆ ಲೆಕ್ಕ. ಕ್ಯಾಂಪಿನ ಸಾಹೇಬರು ಕಾಕಾನನ್ನು ಹರಗೋಲಿನಿಂದ ಕರೆದುಕೊಂಡು ಹೋಗಿ ಕಲಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಎರಡು ವರ್ಷ ಅವರು ಕಲಿಸಿದ್ದೂ ಆಗಿತ್ತು. ಅಷ್ಟರಲ್ಲಿ ಮೇಲಿನಿಂದ ಹೊಸ ನಿಯಮ ಬಂತು. ಕಲಿಸುವವರೂ ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ತೆಗೆದುಕೊಳ್ಳಬೇಕು, ಪರೀಕ್ಷೆ ಆಗುವ ತನಕ ಸರಿ, ಆಮೇಲೆ ಅದು ಇಲ್ಲದಿದ್ದರೆ ನೀರಿಗೆ ಇಳಿಯುವಂತಿಲ್ಲ. ದಡದಲ್ಲಿ ದೋಣಿ ತೊಳೆದುಕೊಂಡು ಇರಬಹುದು, ಅಷ್ಟೇ.

ಕಾಕಾಗೆ ಕನ್ನಡವೇ ಕೂಡಿಸಿಕೊಂಡು ಓದುವಷ್ಟು. ಪರೀಕ್ಷೆಯ ಪುಸ್ತಕವೋ ಇಂಗ್ಲಿಷು. ಸಾಹೇಬರು ಯಜಮಾನರಿಗೆ ಹೇಳಿದರು, "ನಿಮ್ಮ ಮನಿಯವ್ರು ಕಾನ್ವೆಂಟಿನಾಗ ಓದ್ಯಾರಂತಲ್ರಿ, ಒಂದಿಷ್ಟು ಓದಿ ಹೇಳಿದ್ರ ಪುಣ್ಯ ಬರತೈತಿ." ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಆ ಓದಿನಿಂದ ಅಲ್ಲಿಯವರೆಗೆ ನನಗೆ ಒದಗಿದ್ದು ಮಗಳ ಹೋಂವರ್ಕು ಮತ್ತು ನೆರೆಹೊರೆಯವರ ಅರ್ಜಿ ಬರೆಯುವುದು. ಸರಿ ಎಂದೆ.

ವಾರಕ್ಕೆ ಮೂರು ಮಧ್ಯಾಹ್ನ ಕಾಕಾ ಬರುತ್ತಿದ್ದರು. ಒಳಗೆ ಬನ್ನಿ ಎಂದರೆ ಒಲ್ಲೆ ಎಂದು ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಓದುತ್ತಿದ್ದೆ. ಅವರು ಪುಸ್ತಕವನ್ನು ಸುಮ್ಮನೆ ಕೇಳುವವರಲ್ಲ, ಅದರ ಜೊತೆ ಜಗಳಕ್ಕೆ ಇಳಿಯುವವರು.

"ಗಾಳಿ ಎದುರಿಗೆ ಬಂದರೆ ಮೈ ಮುಂದಕ್ಕೆ ಬಾಗಿಸಬೇಕು, ಅಂತ ಬರೆದಿದೆ ಕಾಕಾ."

"ಬರದಾವ ಗಾಳಿ ನೋಡ್ಯಾನೋ ಇಲ್ಲೋ! ಮೊದಲ ಗಾಳಿ ಎಲ್ಲಿಂದ ಬರತೈತಿ ಅಂತ ಕಿವಿಯಿಂದ ತಿಳೀಬೇಕ್ರಿ. ಬಾಗೋದು ಆಮ್ಯಾಲ. ಬರಕೊಳ್ರಿ ಅದನ್ನ."

ನಾನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ.

ಉಬ್ಬರ ಇಳಿತದ ಪಾಠ ಬಂದ ದಿನ ನನಗೆ ವಿವರಿಸಲು ಸಾಕುಬೇಕಾಯಿತು. ಕಡಲನ್ನೇ ನೋಡದ ಮನುಷ್ಯನಿಗೆ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂದು ಹೇಗೆ ಹೇಳುವುದು? ಮಗಳ ನಕಾಶೆ ಪುಸ್ತಕ ತಂದು ನೆಲದ ಮೇಲೆ ಹರಡಿ ಕಡಲು, ಭೂಮಿ, ಚಂದ್ರ ಎಲ್ಲ ತೋರಿಸಿದೆ.

"ಅಂದ್ರ ಡ್ಯಾಮಿನ ಗೇಟು ತಗದು ಮುಚ್ಚಿದಂಗ."

"ಹೌದು, ಹೆಚ್ಚುಕಡಿಮೆ ಹಾಗೇ."

"ಗೇಟು ಯಾರ ಕೈಯಾಗ ಐತ್ರಿ?"

"ಚಂದ್ರನ ಕೈಯಲ್ಲಿ."

ಒಳಗೆ ಪೇಪರು ಓದುತ್ತಿದ್ದ ಯಜಮಾನರ ಕಡೆ ಕತ್ತು ಚಾಚಿ ಅವರು ಕೂಗಿದರು, "ಸಾಹೇಬ್ರ, ನಿಮ್ಮ ಇಲಾಖೆಗೆ ಅವನ್ನ ತಗೊಳ್ರಿ. ದಿನಾ ನಾಕ್ ಸಲ ಗೇಟು ತಿರುವತಾನಂತ, ರಜಾ ಇಲ್ಲ!"

ಹೀಗೆ ನಗುತ್ತ ಸಾಗುತ್ತಿದ್ದ ಓದು ಒಂದು ಅಧ್ಯಾಯಕ್ಕೆ ಬಂದು ನಿಂತಿತು. ದೋಣಿಯನ್ನು ಬೇಕೆಂದೇ ಮಗುಚುವ ಅಧ್ಯಾಯ. ಕಡಲಿನಲ್ಲಿ ಕಯಾಕು ಮಗುಚುವುದು ದೊಡ್ಡ ಸಂಗತಿಯಲ್ಲ. ಮಗುಚಿದಾಗ ತಲೆ ಕೆಳಗಾಗಿ ನೀರೊಳಗೆ ಇದ್ದುಕೊಂಡೇ ಗಾಬರಿಯಾಗದೆ ಹೊರಗೆ ಬರುವುದನ್ನು ಕಲಿಯಬೇಕು. ಅದಕ್ಕೇ ಕಲಿಯುವವರು ಬೇಕೆಂದೇ ಪಕ್ಕಕ್ಕೆ ವಾಲಿ ದೋಣಿಯನ್ನು ಬುಡಮೇಲು ಮಾಡುತ್ತಾರೆ. ನಾನು ಇಷ್ಟು ಹೇಳುವಷ್ಟರಲ್ಲಿ ಕಾಕಾ ಎದ್ದು ನಿಂತು ತಲೆಯ ಟವೆಲ್ಲು ಬಿಚ್ಚಿ ಮತ್ತೆ ಕಟ್ಟಿಕೊಂಡರು.

"ಇವತ್ತಿಗೆ ಸಾಕ್ರಿ."

ಮುಂದಿನ ಸಲವೂ ಅದೇ ಪುಟಕ್ಕೆ ಎದ್ದರು. ಮೂರನೆಯ ಸಲ ಕಾರಣ ಕೇಳಿದೆ. ಮೆಟ್ಟಿಲಿಂದ ಇಳಿದು, ತುಳಸಿ ಕಟ್ಟೆಯವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಹಾಗೇ ಅಡ್ಡಾಡುತ್ತ ಹೇಳಿದರು.

ಅವರ ಮನೆಯಲ್ಲಿ ಹುಡುಗ ಮೊದಲ ಸಲ ಒಬ್ಬನೇ ಜನರನ್ನು ದಾಟಿಸುವ ದಿನ, ಹರಗೋಲು ಬಿಡುವ ಮೊದಲು ಬಲಗೈಯನ್ನು ಮಣಿಕಟ್ಟಿನವರೆಗೆ ಹೊಳೆಯಲ್ಲಿ ಅದ್ದಿ ಮಾತು ಕೊಡಬೇಕು. ನನ್ನ ಕೈಯಿಂದ ನಿನ್ನ ನೀರಾಗ ದೋಣಿ ಮಗುಚಂಗಿಲ್ಲ ಅಂತ. ಅವರ ಅಜ್ಜ ಕೊಟ್ಟಿದ್ದ, ಅಪ್ಪ ಕೊಟ್ಟಿದ್ದ. ಇವರು ಹದಿನೈದನೆಯ ವಯಸ್ಸಿಗೆ ಕೊಟ್ಟಿದ್ದರು. ಅಂದಿನಿಂದ ಒಂದು ಸಲವೂ ಮಗುಚಿರಲಿಲ್ಲ.

"ಹರಗೋಲು ದಡದಾಗ ಬೋರಲು ಹಾಕ್ತೀವ್ರಿ, ಒಣಗಾಕ. ಅದು ಬ್ಯಾರೆ. ನೀರಾಗ ಮಗುಚೋದು ಬ್ಯಾರೆ."

"ಆದರೆ ಇದು ಕೆರೆ ಅಲ್ವಾ ಕಾಕಾ, ಹೊಳೆ ಅಲ್ಲವಲ್ಲ?"

"ಕೆರಿಗೆ ನೀರು ಎಲ್ಲಿಂದ ಬರತೈತಿ? ನಿಮ್ಮ ಮನಿಯವ್ರ ಕಾಲುವಿಂದ. ಕಾಲುವಿಗೆ? ಡ್ಯಾಮಿಂದ. ಇದೂ ಆಕಿನ." ಆಮೇಲೆ ನಿಂತು ನನ್ನ ಮುಖ ನೋಡಿ ಕೇಳಿದರು, "ಇದು ನನ್ನ ಪರೀಕ್ಷಾದಾಗ ಬರತೈತೇನ್ರಿ?"

ಪುಸ್ತಕ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಕಲಿಸಬಯಸುವವರು ಮೂರು ಸಲ ಮಗುಚಿ ತೋರಿಸಬೇಕು ಎಂಬ ಸಾಲು ನನ್ನ ಹೆಬ್ಬೆರಳಿನ ಪಕ್ಕದಲ್ಲಿತ್ತು. ಇದನ್ನು ಹೇಳಿದರೆ ಈ ಮನುಷ್ಯ ನಾಳೆಯಿಂದ ಬರುವುದಿಲ್ಲ, ಪರೀಕ್ಷೆಗೂ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆ ದಿನ ಬರಲಿ, ನೀರಿನಲ್ಲಿದ್ದಾಗ ಹೇಗೋ ಆದೀತು ಎನ್ನಿಸಿತು.

"ಇಲ್ಲ ಕಾಕಾ. ಅದು ಕಲಿಯೋರಿಗೆ ಮಾತ್ರ" ಎಂದು ಪುಟ ತಿರುವಿದೆ.

ಅವರು ಕೂತರು. ಚಹಾ ಬಿಸಿ ಇರುವಾಗಲೇ ಕುಡಿದರು.

ಪುಸ್ತಕ ಮುಗಿಯುತ್ತ ಬಂದಾಗ ಅವರೇ ಶುರುಮಾಡಿದರು. "ಓದಿದ್ದು ಭಾಳ ಆತು ಅಕ್ಕಾರ. ಒಮ್ಮೆ ದೋಣ್ಯಾಗ ಕುಂದರ್ರಿ, ಅಂದ್ರ ತಿಳೀತೈತಿ." ಹೆಂಗಸರ ತಂಡ ಒಂದು ಆಗ ಸೇರುತ್ತಿತ್ತು, ಹತ್ತು ದಿನದ ತರಬೇತಿ. ಮಗಳ ಸಲ್ವಾರು ಹಾಕಿಕೊಂಡು ನಾನೂ ಸೇರಿದೆ. ಎಂಟು ಜನ ಇದ್ದೆವು. ಹೆಚ್ಚಿನವರು ಕುಷ್ಟಗಿ, ಯಲಬುರ್ಗಾ, ಕೊಪ್ಪಳದ ಕಡೆಯಿಂದ ಬಂದ ಶಾಲೆ ಮತ್ತು ಆಸ್ಪತ್ರೆಗಳ ಹೆಂಗಸರು. ನನ್ನ ಜೋಡಿಯಾಗಿ ಸಿಕ್ಕಿದವಳು ಬೇವೂರಿನ ಶಾಲೆಯ ಪಿ.ಟಿ. ಟೀಚರ್. ಅವಳ ಬಾಯಿಗೆ ಬೀಗ ಇರಲಿಲ್ಲ.

"ನಮ್ಮೂರಾಗ ಕುಡಿಯಾಕ ನೀರಿಲ್ಲ, ನಾ ಇಲ್ಲಿ ಮುಳುಗಾಕ ಬಂದೀನಿ" ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದಳು.

ನಮ್ಮ ಕಡೆಯವರು ಮಾಡುವ ತಪ್ಪು ಒಂದೇ ಎಂದು ಕಾಕಾ ಹೇಳುತ್ತಿದ್ದರು. ಹರಗೋಲು ನೋಡಿ ಬೆಳೆದ ಕಣ್ಣು, ಹುಟ್ಟನ್ನು ಒಂದೇ ಕಡೆ ಹಾಕುತ್ತದೆ. ಹರಗೋಲಿಗೆ ಮುಂದು ಹಿಂದು ಇಲ್ಲ, ಹೇಗೋ ನಡೆಯುತ್ತದೆ. ಕಯಾಕು ಮಾತ್ರ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಮೊದಲ ಎರಡು ದಿನ ಎಂಟು ದೋಣಿ ಎಂಟು ಸುತ್ತು. ಅವರು ನಡುವೆ ನಿಂತ ನೀರಿನ ಹಾಗೆ ನಿಂತು ಕೂಗುತ್ತಿದ್ದರು, "ಎರಡು ಬಾಯಿ ಹುಟ್ಟು ಐತ್ರಿ ಅದು! ಇನ್ನೊಂದು ಬಾಯಿಗೂ ಉಣಿಸ್ರಿ!" ಸೊಂಟಕ್ಕೆ ಕಟ್ಟಿ ದೋಣಿಯ ಕಂಡಿಯ ಅಂಚಿಗೆ ಸಿಕ್ಕಿಸುವ ರಬ್ಬರಿನ ಹೊದಿಕೆ ಒಂದಿತ್ತು, ನೀರು ಒಳಗೆ ಬಾರದಂತೆ. ಅದಕ್ಕೆ ಇಂಗ್ಲಿಷಿನಲ್ಲಿ ಲಂಗದ ಹೆಸರೇ. ಆ ಮಾತನ್ನು ಹೆಂಗಸರೆದುರು ಆಡಲು ನಾಚಿ ಅವರು "ಆ ಅರಿವಿ" ಎನ್ನುತ್ತಿದ್ದರು.

ಮಗುಚುವ ಪಾಠ ಬಂದಾಗ ಕಲಿಸಲು ಕಾರವಾರದಿಂದ ಬಂದ ಒಬ್ಬ ಹುಡುಗಿ ನಿಂತಳು. ಕಾಕಾ ದಡಕ್ಕೆ ಹೋಗಿ ಗುಡ್ಡದ ಕಡೆ ಮುಖ ಮಾಡಿ ನಿಂತರು. ಮಾಡಬೇಕಾದದ್ದು ಇಷ್ಟೇ. ನೀರೊಳಗೆ ತಲೆ ಕೆಳಗಾದ ಮೇಲೆ ಎರಡೂ ಕೈ ಮೇಲೆ ಚಾಚಿ ದೋಣಿಯ ಹೊಟ್ಟೆಯನ್ನು ಮೂರು ಸಲ ಬಡಿಯಬೇಕು, ನಾನು ಗಾಬರಿಯಾಗಿಲ್ಲ ಎಂದು ಹೊರಗಿದ್ದವರಿಗೆ ತಿಳಿಯಲಿ ಎಂದು. ಆಮೇಲೆ ಅರಿವೆಯ ಮುಂದಿನ ಪಟ್ಟಿ ಎಳೆದು ಹೊರಬರಬೇಕು. ನಾನು ಮಗುಚಿದೆ. ಕೈ ದೋಣಿಗೂ ಹೋಗಲಿಲ್ಲ, ಪಟ್ಟಿಗೂ ಹೋಗಲಿಲ್ಲ. ಸೀದಾ ಕೊರಳಿಗೆ, ತಾಳಿಗೆ ಹೋಯಿತು. ಆ ಹುಡುಗಿ ನನ್ನನ್ನು ಎಳೆದು ಹೊರಹಾಕಿದಳು. ಎರಡನೆಯ ಸಲವೂ ಅದೇ. ಬೇವೂರಿನ ಟೀಚರೂ ಅದನ್ನೇ ಮಾಡಿದಳು. ಎಂಟರಲ್ಲಿ ಆರು ಜನ ತಾಳಿ ಹಿಡಿದವರೇ.

ಗುಡ್ಡ ನೋಡುತ್ತಿದ್ದವರು ತಿರುಗದೆ ಹೇಳಿದರು, "ತಾಳಿ ಎಲ್ಲಿಗೆ ಹೊಕ್ಕೈತ್ರಿ? ಕೊಳ್ಳಾಗ ಐತಿ, ಇರತೈತಿ. ಎಲ್ಲಾರೂ ದಡಕ್ಕ ಬರ್ರಿ."

ಎಂಟು ದೋಣಿಗಳನ್ನೂ ಹುಲ್ಲಿನ ಮೇಲೆ ಎಳೆಸಿ, ನಮ್ಮನ್ನು ಅದರಲ್ಲಿ ಕೂರಿಸಿ, ಕಣ್ಣು ಮುಚ್ಚಿಸಿದರು. ಮುಂದಕ್ಕೆ ಬಾಗು, ಬಡಿ, ಬಡಿ, ಬಡಿ, ಪಟ್ಟಿ ಎಳೆ, ನೂಕು. ಮತ್ತೆ. ಮತ್ತೆ. ಬಿಸಿಲಿಗೆ ರಬ್ಬರು ಕಾದು ತೊಡೆ ಸುಡುತ್ತಿತ್ತು. ಅವರು ನಡುವೆ ಶತಪಥ ಹಾಕುತ್ತ, ಯಾರ ಕೈ ಕೊರಳ ಕಡೆ ಹೋಯಿತೋ ಅವರ ದೋಣಿಯನ್ನು ಕಾಲಿನಿಂದ ತಟ್ಟುತ್ತಿದ್ದರು. ಬೇವೂರಿನವಳು ಗೊಣಗಿದಳು, "ಗಂಡ ಇದ್ದಾಗನ ತಾಳಿ ಮರೀರಿ ಅಂತಾರಲ್ಲ ಈ ಕಾಕಾ!" ಮರುದಿನ ನೀರಿನಲ್ಲಿ ಎಂಟು ಜನರೂ ಮೂರು ಸಲ ಬಡಿದೆವು. ಮಗುಚುವುದನ್ನು ನನಗೆ ಕಲಿಸಿದವರು ಆ ತನಕ ಜನ್ಮದಲ್ಲಿ ದೋಣಿ ಮಗುಚದವರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಎದ್ದು ಒಂದು ಸುತ್ತು ಅಡ್ಡಾಡಬೇಕು ಅನ್ನಿಸುತ್ತದೆ.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ಮೊದಲು ಕಾಕಾನದು, ಆಮೇಲೆ ನಮ್ಮದು. ಕಾಕಾ ಗಡ್ಡ ಬೋಳಿಸಿಕೊಂಡು, ಒಗೆದ ಟವೆಲ್ಲು ಸುತ್ತಿಕೊಂಡು ಬಂದಿದ್ದರು. ಕಯಾಕಿನಲ್ಲಿ ಹಗ್ಗ ಹಿಡಿದ ಹಾಗೆ ನೇರ ಹೋದರು, ಹಿಂದಕ್ಕೆ ಬಂದರು, ಪಕ್ಕಕ್ಕೆ ಸರಿದು ಕೆರೆಯ ಮೆಟ್ಟಿಲಿಗೆ ದೋಣಿಯ ಮೈ ಸೋಕಿಸಿ ನಿಲ್ಲಿಸಿದರು. ಪರೀಕ್ಷಕರು ಬರೆದುಕೊಳ್ಳುವುದನ್ನೇ ಬಿಟ್ಟು ನೋಡುತ್ತಿದ್ದರು. ಬಾಯಿ ಪರೀಕ್ಷೆಯಲ್ಲಿ ಗಾಳಿ ಕೇಳಿದರೆ ಕಿವಿಯ ಮಾತು ಹೇಳಿದರು, ಉಬ್ಬರ ಕೇಳಿದರೆ ಗೇಟಿನ ಮಾತು ಹೇಳಿದರು. ಎಲ್ಲ ಸರಿ.

"ಈಗ ಮಗುಚಿ ತೋರಿಸಿ. ಮೂರು ಸಲ."

ಕಾಕಾ ದಡದ ಕಡೆ ನೋಡಿದರು. ನನ್ನ ಕಡೆ. ನಾನು ನನ್ನ ಕಾಲಿನ ಹೆಬ್ಬೆರಳು ನೋಡಿಕೊಂಡೆ, ಅದರ ಉಗುರಿಗೆ ಕೆಸರು ಮೆತ್ತಿತ್ತು.

"ಇದು ಬರತೈತಂತ ನನಗ ಗೊತ್ತಿದ್ದಿಲ್ರಿ."

"ಪುಸ್ತಕದಲ್ಲಿ ಇದೆಯಲ್ಲ. ನಿಮಗೆ ಓದಿ ಹೇಳಿಲ್ಲವಾ?"

"ಹೇಳಿದ್ರ್ಯೋ ಏನೋ ರಿ. ನಾನ ಸರಿಯಾಗಿ ಕೇಳಿಸ್ಕೊಂಡಿಲ್ಲ."

ಪರೀಕ್ಷಕರು ಒಳ್ಳೆಯವರು, ಎರಡು ಸಲ ಕೇಳಿದರು. ಎರಡು ಸಲವೂ ಕಾಕಾ ತಲೆ ಅಲ್ಲಾಡಿಸಿದರು. ಕಾಗದದ ಮೇಲೆ ಗೀಟು ಬಿತ್ತು. ಆಮೇಲೆ ನಾವು ಎಂಟು ಜನ ಇಳಿದು, ಮಗುಚಿ, ಬಡಿದು, ಪಟ್ಟಿ ಎಳೆದು ಪಾಸಾದೆವು. ದಡಕ್ಕೆ ಬಂದಾಗ ಕಾಕಾ ಅಲ್ಲೇ ನಿಂತಿದ್ದರು. ಗೆಣ್ಣಿನ ಮೇಲೆ ಹೆಬ್ಬೆರಳು ಓಡಿತು. "ಎಂಟು. ಸೈ."

ಕಾನ್ವೆಂಟಿನಲ್ಲಿ ನಮಗೆ ಒಬ್ಬ ಸಿಸ್ಟರ್ ಇದ್ದರು. ಹೇಳದೆ ಬಿಟ್ಟದ್ದೂ ಸುಳ್ಳಿನ ಲೆಕ್ಕಕ್ಕೇ ಬರುತ್ತದೆ ಎಂದು ಕಿವಿ ಹಿಡಿದು ಕಲಿಸಿದ್ದರು. ನಾನು ಬಿಟ್ಟದ್ದಷ್ಟೇ ಅಲ್ಲ, ಇಲ್ಲ ಎಂದೂ ಹೇಳಿದ್ದೆ. ಆ ವಾರ ನನ್ನ ಕೈಗೆ ಸಿಕ್ಕ ಡಬ್ಬಿಗಳನ್ನೆಲ್ಲ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಯಜಮಾನರು ಒಂದೇ ಮಾತು ಹೇಳಿದರು, "ಹೇಳಿದ್ದಿದ್ರ ಅವ್ರಿಗೆ ವಿಚಾರ ಮಾಡಾಕ ಎರಡು ತಿಂಗಳು ಸಿಗ್ತಿತ್ತಲ್ಲ." ಅದು ನನಗೆ ಹೊಳೆದೇ ಇರಲಿಲ್ಲ. ಅವರ ಸಮಯವನ್ನು ನಾನು ಇಟ್ಟುಕೊಂಡುಬಿಟ್ಟಿದ್ದೆ.

ಕ್ಯಾಂಪಿಗೆ ಹೋದೆ. ಕಾಕಾ ದಡದಲ್ಲಿ ದೋಣಿ ಒರೆಸುತ್ತಿದ್ದರು. ಒರೆಸಿ ಸಾಲಾಗಿಟ್ಟದ್ದನ್ನು ಎತ್ತಿ ಇನ್ನೊಂದು ಕಡೆ ಸಾಲಾಗಿಡುತ್ತಿದ್ದರು, ಅಲ್ಲಿಂದ ಮತ್ತೆ ಇಲ್ಲಿಗೆ. ನೀರಿನಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಗೆರೆ ಇದೆಯೇನೋ ಎನ್ನುವ ಹಾಗೆ ಅಲ್ಲಿಗೆ ಬಂದು ತಿರುಗುತ್ತಿದ್ದರು.

"ಕಾಕಾ, ಆವತ್ತು ನಾನು ಸುಳ್ಳು ಹೇಳಿದೆ."

"ಗೊತ್ತಾತ್ರಿ."

"ಅಲ್ಲಿ ಯಾಕೆ ನನ್ನ ಹೆಸರು ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಪರೀಕ್ಷಾ ಕೆಡ್ತಿತ್ತು." ಒಂದು ದೋಣಿಯನ್ನು ಎತ್ತಿ ಹೆಗಲಿಗಿಟ್ಟು ನಡೆದರು.

ಸಾಹೇಬರು ಇನ್ನೊಂದು ಅವಕಾಶ ಕೊಡಿಸಿದರು. ಪಾಸಾದ ನಮ್ಮ ತಂಡ ಎರಡು ದಿನ ಕಡಲಿಗೆ ಹೋಗುವುದಿತ್ತು, ಅದೇ ಪರೀಕ್ಷಕರು ಅಲ್ಲಿರುತ್ತಿದ್ದರು. ಕಾಕಾ ಬೇಕಾದರೆ ಅಲ್ಲಿ ಮಗುಚಿ ತೋರಿಸಬಹುದು, ಇಲ್ಲದಿದ್ದರೆ ಮುಂದೆ ದೋಣಿ ಒರೆಸುವುದೇ ಕೆಲಸ. ಹೊರಡುವುದಕ್ಕೆ ವಾರ ಮೊದಲು ಒಂದು ಮಧ್ಯಾಹ್ನ ಅವರು ಮತ್ತೆ ನಮ್ಮ ಹಿಂಬಾಗಿಲಿಗೆ ಬಂದರು. ಬಹಳ ದಿನದ ಮೇಲೆ. ನಾನು ಗಡಿಬಿಡಿಯಲ್ಲಿ ಚಹಾ ಮಾಡಿ ಸೋಸಿ ತಂದೆ. ಮಗಳು ಓದಿ ಬಿಟ್ಟುಹೋದ ಪುಸ್ತಕಗಳು ಅಲ್ಲೇ ನೆಲದ ಮೇಲಿದ್ದವು.

"ಅಕ್ಕಾರ, ನೀವು ಓದಿದವ್ರು. ನಮ್ಮ ಹೊಳಿ ಕಾರವಾರಕ್ಕ ಹೋಗತೈತೇನ್ರಿ?"

"ಇಲ್ಲ ಕಾಕಾ. ನಮ್ಮ ಹೊಳೆ ಕರ್ನೂಲಿನ ಕಡೆ ಹೋಗಿ ಕೃಷ್ಣೆಗೆ ಸೇರ್ತದೆ. ಕೃಷ್ಣೆ ಆಂಧ್ರ ದಾಟಿ ಮೂಡಲ ಕಡಲಿಗೆ. ಕಾರವಾರದ್ದು ಪಡುವಲ ಕಡಲು."

"ಅಂದ್ರ ಆ ನೀರು ಆಕಿದಲ್ಲ."

ಇಷ್ಟಕ್ಕೆ ನಾನು ಏನು ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು. ಎರಡು ಕಡಲೂ ಕನ್ಯಾಕುಮಾರಿಯ ಕೆಳಗೆ ಒಂದೇ. ಅದೂ ಬೇಡ, ನಮ್ಮ ಹೊಳೆ ಹುಟ್ಟುವ ಘಟ್ಟಕ್ಕೆ ಮಳೆ ಬರುವುದೇ ಆ ಪಡುವಲ ಕಡಲಿನಿಂದ. ಆರನೆಯ ಇಯತ್ತೆಯ ಭೂಗೋಳ. ನನ್ನ ನಾಲಿಗೆಯ ತುದಿಯಲ್ಲಿತ್ತು.

"ಚಹಾ ಆರತದೆ ಕಾಕಾ, ಕುಡೀರಿ" ಎಂದೆ.

ಅವರು ಲೋಟ ತಿರುಗಿಸಿದರು, ತಿರುಗಿಸಿದರು, ಆಮೇಲೆ ಕುಡಿದು ಎದ್ದರು. "ಹಂಗಾರ ಬರ್ತೀನ್ರಿ ಕಾರವಾರಕ್ಕ."

ಟ್ರ್ಯಾಕ್ಸಿನಲ್ಲಿ ಹೋದೆವು. ಘಟ್ಟದಲ್ಲಿ ಗಾಡಿ ತಿರುಗಿದಾಗಲೆಲ್ಲ ಕಾಕಾ ಎದುರು ದಿಕ್ಕಿಗೆ ಮೈ ವಾಲಿಸಿ, "ಇಬ್ಬರು ಈ ಕಡೆ ಬರ್ರಿ, ಭಾರ ಆ ಕಡೆ ಆತು" ಎಂದು ನಮ್ಮನ್ನು ಸರಿಸುತ್ತಿದ್ದರು. ಡ್ರೈವರ್ ಸಿಟ್ಟಿಗೆದ್ದು, "ಅಜ್ಜಾರ, ಇದು ಬುಟ್ಟಿ ಅಲ್ರಿ, ಗಾಡಿ!" ಎಂದ. ಬೇವೂರಿನವಳು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ನನಗೆ ನಗು ಬರಲಿಲ್ಲ.

ಬೆಳಿಗ್ಗೆ ಕಡಲು ತೆಪ್ಪಗಿತ್ತು. ಕಾಕಾ ಅಂಚಿಗೆ ಹೋಗಿ, ಬಗ್ಗಿ, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡರು. ಉಗುಳಿದರು. "ಉಪ್ಪು. ಇದು ಆಕಿ ಅಲ್ಲ" ಎಂದರು, ಯಾರಿಗೂ ಅಲ್ಲ. ಟವೆಲ್ಲು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರಡಿಯ ಕೂದಲು ಅಷ್ಟು ಬೆಳ್ಳಗಿದೆ ಎಂದು ನಾನು ನೋಡಿಯೇ ಇರಲಿಲ್ಲ.

ಕಯಾಕು ಹತ್ತಿ ದಡದಿಂದ ತುಸು ದೂರ ಹೋಗಿ ನಿಂತರು. ಪರೀಕ್ಷಕರು ತಮ್ಮ ದೋಣಿಯನ್ನು ಹತ್ತಿರ ತಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಾಕಾ, ಯಾರದೋ ಮಾತು ಕೇಳಲು ಕಿವಿ ಕೊಟ್ಟವರಂತೆ, ಮೆಲ್ಲಗೆ ಬಲಕ್ಕೆ ವಾಲಿದರು. ದೋಣಿಯ ಬಿಳಿ ಹೊಟ್ಟೆ ಮೇಲೆ ಬಂತು. ಎರಡು ಕೈ ಮೇಲೆ ಬಂದವು. ಟಪ್, ಟಪ್, ಟಪ್. ನಾನು ಅದರೊಂದಿಗೆ ಟವೆಲ್ಲನ್ನು ಮೂರು ಸಲ ಹಿಂಡಿದ್ದೆ.

ಮೇಲೆ ಬಂದರು. ದೋಣಿ ಬಿಡಲಿಲ್ಲ, ಹುಟ್ಟು ಬಿಡಲಿಲ್ಲ. ಮಗುಚಿದವರು ಮೊದಲು ಹುಡುಕಬೇಕಾದದ್ದು ಜೊತೆಯವರ ದೋಣಿಯ ಮೂತಿ, ಅದನ್ನು ಹಿಡಿಯಬೇಕು. ಅವರು ಹಿಡಿಯಲಿಲ್ಲ. ಕಣ್ಣಿನಲ್ಲಿ ನೀರು ಸುರಿಯುತ್ತಿದ್ದಂತೆ ಸುತ್ತ ನೋಡಿದರು, ಒದ್ದೆ ಹೆಬ್ಬೆರಳನ್ನು ಒಂದು ಗೆಣ್ಣಿನ ಮೇಲಿಟ್ಟು ನಿಂತರು. ದಡಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು, "ಒಂದು."

"ಸೈ" ಅನ್ನಲಿಲ್ಲ. ತಮ್ಮನ್ನು ಎಣಿಸಿಕೊಂಡದ್ದು ನಾನು ಕಂಡಂತೆ ಅದೇ ಮೊದಲು. ಇನ್ನೆರಡು ಸಲ ಮಗುಚಿದರು. ಪಾಸಾದರು.

ಹಿಂತಿರುಗುವಾಗ ಘಟ್ಟದಲ್ಲಿ ಅವರು ಯಾವ ಕಡೆಗೂ ವಾಲಲಿಲ್ಲ. ಕೈ ಕಟ್ಟಿ ಕೂತಿದ್ದರು, ಮೊಣಕಾಲು ಕೂಡ ಅಲ್ಲಾಡಲಿಲ್ಲ. ನಾವು ಎಂಟು ಜನ ಹಾಡುತ್ತ ಬಂದೆವು, ನಾನು ಬಾಯಿ ಮಾತ್ರ ಆಡಿಸಿದೆ.

ಆಮೇಲೆ ವರ್ಷಗಟ್ಟಲೆ ಅವರು ಕಲಿಸಿದರು. ಹಿಟ್ನಾಳ, ಅಳವಂಡಿ, ಎಲ್ಲೆಲ್ಲಿಂದಲೋ ಬಂದ ಹೊಸಬರು ಅವರ ಕೈಯಲ್ಲಿ ಸುತ್ತು ಹಾಕುವುದನ್ನು ಬಿಟ್ಟು ನೇರ ಹೋಗಲು ಕಲಿತರು. "ಸರ್" ಎಂದರೆ ತಿರುಗುತ್ತಿರಲಿಲ್ಲ, "ಕಾಕಾ" ಎಂದರೆ ತಿರುಗುತ್ತಿದ್ದರು. ಮಗುಚುವ ಪಾಠ ಹುಲ್ಲಿನ ಮೇಲೆ ಅವರದು, ನೀರಿನಲ್ಲಿ ಬೇರೆಯವರದು. ನಾನು ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದೆ, ಅವರು ಮೀನು ಕಳಿಸಲು ಹೋಗಿ ನಾವು ತಿನ್ನುವುದಿಲ್ಲ ಎಂದು ನೆನಪಾಗಿ ಬಾಳೆಹಣ್ಣು ಕಳಿಸುತ್ತಿದ್ದರು. ಎಲ್ಲ ಸರಿಹೋಯಿತು ಎಂದು ನಾನು ನನಗೇ ಹೇಳಿಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿ ನೋಡಲು ಹೋದೆ. ಅಂಗಳದಲ್ಲಿ ಅವರ ಹರಗೋಲು ಬೋರಲು ಬಿದ್ದಿತ್ತು, ಬಿದಿರು ಮುರಿದು, ಕೋಳಿಗಳು ಅದರ ಕೆಳಗೆ ಹೋಗಿ ಬಂದು ಮಾಡುತ್ತಿದ್ದವು. "ಹರಗೋಲು ಹಾಳಾಗೇದಲ್ಲ" ಎಂದೆ ಅವರ ಹೆಂಡತಿಗೆ.

"ಕಾರವಾರಕ್ಕ ಹೋಗಿ ಬಂದ ಮ್ಯಾಗ ಅದರಾಗ ಕಾಲ ಇಟ್ಟಿಲ್ಲವ್ವ. ಜಾತ್ರಿಗೆ ಮಂದಿ ಕರದ್ರೂ ಒಲ್ಲೆ ಅಂದ್ರು. ಇನ್ನ ಮಂದಿನ ದಾಟಸೂ ಹಕ್ಕಿಲ್ಲ ನನಗ ಅಂತಾರ. ಯಾಕಂತ ಹೇಳೂದಿಲ್ಲ."

ನಾನು ಹೊರಸಿನ ಪಕ್ಕ ಕೂತೆ. ಅವರ ಕೈಗೆ ಲೋಟ ಕೊಟ್ಟಿದ್ದರು, ತಿರುಗಿಸಲು ಶಕ್ತಿ ಇರಲಿಲ್ಲ, ಬೆರಳು ಮಾತ್ರ ಅದರ ಅಂಚಿನ ಮೇಲೆ ಓಡಾಡುತ್ತಿತ್ತು.

"ಅಕ್ಕಾರ, ನಿಮ್ಮ ಮಗಳ ನಕಾಶಿ ಪುಸ್ತಕ ಐತೇನ್ರಿ ಇನ್ನಾ?"

"ರದ್ದಿಗೆ ಹಾಕಿದ್ವಿ ಕಾಕಾ. ಯಾಕೆ?"

"ಅದರಾಗ ನೀಲಿ ಎಲ್ಲೂ ಕಡಿಯೂದಿಲ್ರಿ. ಈ ಕಡೆ ಬೆರಳಿಟ್ಟು ಎಳಕೋತ ಹೋದ್ರ ಕೆಳಗ ಸುತ್ತು ಹಾಕಿ ಆ ಕಡೆ ಬರತೈತಿ. ನೀವು ಚಹಾ ಸೋಸಾಕತ್ತಿದ್ರಿ, ಆವಾಗ ನೋಡಿದ್ದೆ."

"ನನ್ನ ಕೇಳೋಕೆ ಮೊದಲೇನಾ?"

"ಮೊದಲ."

"ಮತ್ತೆ ಯಾಕೆ ಕೇಳಿದ್ರಿ?"

ಲೋಟದ ಅಂಚಿನ ಮೇಲಿನ ಬೆರಳು ನಿಂತಿತು.

"ನೀವು ಎಲ್ಲಾ ಒಂದ ನೀರು ಅಂದಿದ್ರ ನಾ ಹೋಗ್ತಿದ್ದಿಲ್ರಿ. ನೀವು ಚಹಾ ಕುಡಿ ಅಂದ್ರಿ." ಉಸಿರು ತೆಗೆದುಕೊಂಡರು. "ನಾ ಒಬ್ಬನ ಮಗುಚಾಕ ಧೈರ್ಯ ಸಾಲಲಿಲ್ಲ."

ಅವರು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಸಮಾಧಾನದ ಹಾಗೂ ಹೇಳಲಿಲ್ಲ. ನಾನು ಲೋಟ ತೆಗೆದುಕೊಂಡು ಚಹಾ ಬಿಸಿಮಾಡಿಸಿ ತಂದೆ, ಅವರು ಎರಡು ಗುಟುಕು ಕುಡಿದರು. ಅದೇ ಕೊನೆಯ ಭೇಟಿ.

ಸುದ್ದಿ ಬಂದಾಗ ಮಣ್ಣಾಗಿ ಮೂರು ದಿನವಾಗಿತ್ತು. ಅವರ ಮನೆಗೆ ಹೋಗಿ, ಅವರ ಹೆಂಡತಿಯ ಜೊತೆ ಕೂತು ಎದ್ದು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಹೊಳೆಯ ಕಡೆ ನಡೆದೆ. ಶ್ರಾವಣದ ಹೊಳೆ, ಕೆಂಪು ನೀರು, ಪಡುವಲ ಕಡಲಿನ ಮಳೆ. ಎರಡು ಮೂರು ಕಡೆ ನಿಂತು ನೋಡಿದೆ, ಎಲ್ಲಿಯೂ ನಿಲ್ಲಲಾಗಲಿಲ್ಲ. ಕೊನೆಗೆ ಬಂಡೆಯ ಹತ್ತಿರ ಸೀರೆ ಎತ್ತಿಕಟ್ಟಿ ಕುಕ್ಕರಗಾಲಿನಲ್ಲಿ ಕೂತೆ. ಬಳೆಗಳನ್ನು ಮೇಲೆ ಸರಿಸಿ ಬಲಗೈಯನ್ನು ಮಣಿಕಟ್ಟಿನವರೆಗೆ ಅದ್ದಿದೆ. ನೀರು ಕೈಯನ್ನು ಎಳೆಯುತ್ತಿತ್ತು.

ಹೊಳೆಯ ಜೊತೆ ಮಾತಾಡಿ ಅಭ್ಯಾಸವಿಲ್ಲ ನನಗೆ. ಕಾನ್ವೆಂಟಿನಲ್ಲಿ ಕಲಿತ ಯಾವ ಪ್ರಾರ್ಥನೆಯೂ ಬರಲಿಲ್ಲ. ಬಂದಷ್ಟನ್ನು ಅವರ ಮಾತಿನಲ್ಲೇ ಹೇಳಿದೆ.

"ಆವತ್ತು ಕಾಕಾ ಎಣಿಸಿದ್ದು ತಪ್ಪೈತಿ. ಒಂದಲ್ಲ. ಇಬ್ಬರಿದ್ವಿ."